ಆಮೆಗಳಿಗಾಗಿ ದೀಪ ಆರಿಸಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯಲ್ಲಿ ‘ಪರಿಸರಸ್ನೇಹಿ’ ಎಂದು ಬೋರ್ಡ್ ಹಾಕಿಕೊಂಡ ರೆಸಾರ್ಟ್‌ಗಳು ಜಾಸ್ತಿ ಆಗುತ್ತಿವೆ. ಅವನ್ನು ನಡೆಸುವವರು ಮಧ್ಯ ಅಮೆರಿಕದ ದೇಶವಾದ ಕೋಸ್ಟರಿಕಾದ ಓಸಾ ಪರ್ಯಾಯ ದ್ವೀಪವನ್ನು ಒಮ್ಮೆ ನೋಡಬೇಕು. ಒಂದು ಕಡೆ 1975ರಲ್ಲಿ ಘೋಷಣೆಯಾದ ಕೊರ್ಕೊವಾಡೊ ರಾಷ್ಟ್ರೀಯ ಉದ್ಯಾನದ ಮಳೆಕಾಡು, ಇನ್ನೊಂದು ಕಡೆ ಪೆಸಿಫಿಕ್ ಸಾಗರ. ನಾವು ಉಳಿದುಕೊಂಡ ಲಾಡ್ಜ್‌ನಲ್ಲಿ ಎಸಿ ಇಲ್ಲ, ಟಿವಿ ಇಲ್ಲ, ಕಿಟಕಿಗೆ ಗಾಜಿನ ಬದಲು ಸೊಳ್ಳೆ ಪರದೆ. ಕತ್ತಲಾದ ಮೇಲೆ ಕಡಲ ಕಡೆಯ ದೀಪಗಳನ್ನೆಲ್ಲ ಆರಿಸುತ್ತಾರೆ, ಯಾಕೆಂದರೆ ಬೆಳಕು ಕಂಡರೆ ಮೊಟ್ಟೆಯಿಂದ ಹೊರಬಂದ ಆಮೆ ಮರಿಗಳು ನೀರಿನತ್ತ ಹೋಗದೆ ದಾರಿ ತಪ್ಪುತ್ತವೆ. ಬೆಳಿಗ್ಗೆ ದಡದ ಬಾದಾಮಿ ಮರದಲ್ಲಿ ಕೆಂಪು ಮಕಾವ್ ಗಿಳಿಗಳು ಕಾಯಿ ಕಚ್ಚಿ ಸಿಪ್ಪೆ ಉದುರಿಸುತ್ತಾ ಕೂತಿದ್ದವು. ನಮ್ಮ ಶಾಲೆಗಳ ಅಂಗಳದಲ್ಲಿ ಇರುತ್ತಲ್ವಾ, ಅದೇ ಬಾದಾಮಿ!

ಕಾಡು ಉಳಿಸಿಕೊಂಡ ಜಮೀನುದಾರರಿಗೆ ಅಲ್ಲಿನ ಸರ್ಕಾರ 1997ರಿಂದ ಹಣ ಕೊಡುತ್ತಿದೆ. ಅದಕ್ಕೆ ಇಂಧನ ತೆರಿಗೆಯ ದುಡ್ಡು ಬಳಸುತ್ತಾರೆ. ನಮ್ಮಲ್ಲಿ ಅಷ್ಟು ದೊಡ್ಡದು ಈಗಲೇ ಆಗದಿರಬಹುದು. ಆದರೆ ಹೊನ್ನಾವರ, ಕಾರವಾರದ ದಡಕ್ಕೂ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಆ ತಿಂಗಳುಗಳಲ್ಲಾದರೂ ದಡದ ರೆಸಾರ್ಟ್‌ಗಳು ರಾತ್ರಿ ಫ್ಲಡ್‌ಲೈಟ್ ಆರಿಸಲೇಬೇಕು ಎಂದು ಜಿಲ್ಲಾಡಳಿತ ಆದೇಶ ಹೊರಡಿಸಲಿ. ಇದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

– ಓದುಗರು, ಕುಮಟಾ