ಮುದ್ದೆ ಆರುವ ಮುನ್ನ ಎಲ್ಲರೂ ಕೂರಲಿ

ಮಾನ್ಯರೇ,

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದಂದಿನಿಂದ ರಾಗಿಯ ಗುಣಗಾನಕ್ಕೆ ಕೊನೆಯೇ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಎಂಬುದು ಈಗ ಬಾಯಿಪಾಠ. ಅದರ ಇನ್ನೊಂದು ಗುಣವನ್ನು ಮಾತ್ರ ಯಾರೂ ಎತ್ತುವುದಿಲ್ಲ: ಮುದ್ದೆ ಯಾರಿಗೂ ಕಾಯುವುದಿಲ್ಲ. ಹಾಟ್‌ಬಾಕ್ಸ್‌ನಲ್ಲಿಟ್ಟರೆ ಹಬೆ ನೀರಾಗಿ ಅಂಟಂಟು, ತೆರೆದಿಟ್ಟರೆ ಒಣಗಿ ಬಿರುಕು. ಕೋಲಾರದ ಮನೆಗಳಲ್ಲಿ ಎಲ್ಲರನ್ನೂ ಒಂದೇ ಹೊತ್ತಿಗೆ ಕೂರಿಸುತ್ತಿದ್ದದ್ದು ಶಿಸ್ತಿಗಿಂತ ಹೆಚ್ಚಾಗಿ ಈ ಬಿಸಿಯೇ.

ಈಗ ಒಬ್ಬರು ನರಸಾಪುರದಲ್ಲೋ ವೇಮಗಲ್‌ನಲ್ಲೋ ಕಾರ್ಖಾನೆಯ ಪಾಳಿ ಕೆಲಸಕ್ಕೆ, ಇನ್ನೊಬ್ಬರು ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮನೆಯಲ್ಲಂತೂ ರಾತ್ರಿಯೂ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಹಾಗಾಗಿ ಅನ್ನ ಮಾಡಿಟ್ಟು, ಬಂದವರು ಬಂದಾಗ ಬಡಿಸಿಕೊಳ್ಳುವುದೇ ರೂಢಿ.

ದಿನಾ ಒಟ್ಟಿಗೆ ಉಣ್ಣಿ ಎಂದರೆ ನಾಲ್ಕು ದಿನಕ್ಕೇ ಕೈಬಿಡುತ್ತಾರೆ. ಆಗುವ ದಿನಗಳನ್ನಷ್ಟೇ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 6ರಿಂದ 2ರ ಪಾಳಿಯವರು ರಾತ್ರಿ ಮನೆಯಲ್ಲೇ ಇರುತ್ತಾರೆ. ರಾತ್ರಿ 10ರ ಪಾಳಿಯವರೂ ಏಳೂವರೆಗೆ ಉಂಡು ಹೊರಡಬಹುದು. ತಪ್ಪುವುದು 2ರಿಂದ 10ರ ವಾರ ಮಾತ್ರ. ಆ ವಾರ ರಜೆಯ ದಿನವೊಂದಿದ್ದರೆ ಸಾಕು.

ಬಸ್ಸಾರು, ಪಲ್ಯ ಮೊದಲೇ ಆಗಿರಲಿ. ಒಂದೇ ಪಾತ್ರೆಯ ಸೊಪ್ಪು, ಕಾಳಲ್ಲಿ ಎರಡೂ ಆಗುತ್ತವೆ. ಕೊನೆಯವರು ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದಾಗ ಎಸರಿಡಿ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಮರಳುವ ನೀರಿಗೆ ಹಿಟ್ಟು ಹಾಕಿ, ತಿರುವದೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಿ. ಅವಸರಕ್ಕೆ ಮೊದಲೇ ಕೋಲಾಡಿಸಿದರೆ ಗಂಟು, ಸರಿಯಾಗಿ ಬೇಯದಿದ್ದರೆ ಹಲ್ಲಿಗೆ ಅಂಟು.

ಕೆಡುವುದು ಬಡಿಸುವಾಗ. ಮನೆಯಾಕೆ ಸಾರಿಗೊಮ್ಮೆ, ಉಪ್ಪಿಗೊಮ್ಮೆ ಎದ್ದು ಹೋಗುತ್ತ ಕೊನೆಗೆ ಒಬ್ಬಳೇ ಆರಿದ ಮುದ್ದೆ ಉಂಡರೆ ಅದು ಒಟ್ಟಿಗೆ ಉಂಡಂತಲ್ಲ. ಸಾರು, ಪಲ್ಯ, ಮಜ್ಜಿಗೆ, ಉಪ್ಪು, ನೀರು ಎಲ್ಲವನ್ನೂ ಮೊದಲೇ ನಡುವೆ ತಂದಿಡಬೇಕು. ತರುವುದು ಮಕ್ಕಳ, ಗಂಡಸರ ಕೆಲಸ. ಮೊಬೈಲ್ ಇನ್ನೊಂದು ಕೋಣೆಯಲ್ಲಿ ಚಾರ್ಜಿಗಿರಲಿ. ಬೋರಲು ಹಾಕಿ ಪಕ್ಕದಲ್ಲೇ ಇಟ್ಟುಕೊಂಡರೆ ಕಣ್ಣು ಅಲ್ಲೇ.

ಇನ್ನು ಮಾತು. "ಟೆಸ್ಟಲ್ಲಿ ಎಷ್ಟು ಬಂತು?" ಎಂದರೆ ಮಗು ತಟ್ಟೆ ನೋಡುತ್ತದೆ. "ಇವತ್ತು ನಿನ್ನ ಪಕ್ಕ ಯಾರು ಕೂತಿದ್ರು?" ಎಂದರೆ ಕಥೆಯೇ ಬರುತ್ತದೆ. ಸಾಲ, ಸಂಘದ ಕಂತು, ದಾಯಾದಿಗಳ ಜಗಳ ಕೈ ತೊಳೆದ ಮೇಲಿರಲಿ. ಮುದ್ದೆ ನುಂಗುವ ಊಟ, ಹತ್ತು ನಿಮಿಷಕ್ಕೇ ಮುಗಿದುಹೋಗುತ್ತದೆ. ಮಕ್ಕಳಿಗೆ ಚಿಕ್ಕದು ಕಟ್ಟಿ, ಹಿಂದೆಯೇ ಅನ್ನ ಮಜ್ಜಿಗೆ ಬಡಿಸಿದರೆ ಇನ್ನೊಂದಿಷ್ಟು ಹೊತ್ತು ಕೂರುತ್ತಾರೆ.

ಬಾಯಿಬಿಡದ ಹದಿಹರೆಯದವರಿಗೆ ಅವರೆಕಾಯಿ ಕಾಲವೇ ಮದ್ದು. ರಾತ್ರಿ ನೆನೆಸಿದ ಕಾಳನ್ನು ಎಲ್ಲರೂ ಸುತ್ತ ಕೂತು ಹಿದುಕುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಕೈಗೆ ಕೆಲಸವಿರುತ್ತದೆ. ಮಾತು ತಾನಾಗಿ ಬರುತ್ತದೆ. ಸಿಪ್ಪೆ ಸುಲಿದ ಬೇಳೆ ಈಗ ಅಂಗಡಿಯಲ್ಲೇ ಸಿಗುತ್ತದಲ್ಲ ಎನ್ನುವವರಿಗೆ ಏನು ಹೇಳೋಣ!

ಕಾರ್ಖಾನೆಯವರಲ್ಲಿ ಒಂದೇ ಕೋರಿಕೆ: ಪಾಳಿಯ ಪಟ್ಟಿಯನ್ನು ವಾರ ಮೊದಲೇ ಕೊಡಿ, ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇದ್ದರೆ ಹಿಂದಿನ ದಿನವೇ ತಿಳಿಸಿ. ಸಂಜೆ ಐದಕ್ಕೆ ಹೇಳಿದರೆ ಮನೆಯಲ್ಲಿ ಎಸರಿಡುವವರು ಯಾರಿಗೆಂದು ಇಡಬೇಕು?

– ನಿವೃತ್ತ ಅಂಗನವಾಡಿ ಕಾರ್ಯಕರ್ತೆಯರು, ಬಂಗಾರಪೇಟೆ ತಾಲ್ಲೂಕು