ಹಾಲಿಲ್ಲದ ಐಸ್‌ಕ್ರೀಂ ಮನೆಯಲ್ಲೇ ಆಗುತ್ತದೆ

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗಳಿಗೆ ಹಾಲು ಅಲರ್ಜಿ. ಬೇಸಿಗೆ ರಜೆಯಲ್ಲಿ ಅವಳನ್ನು ಪೇಟೆಗೆ ಕರೆದುಕೊಂಡು ಹೋದರೆ ಅಂಗಡಿಯವರು, ‘ಇದು ಐಸ್‌ಕ್ರೀಂ ಅಲ್ಲಮ್ಮ, ಫ್ರೋಜನ್ ಡೆಸರ್ಟ್, ಧೈರ್ಯವಾಗಿ ಕೊಡಿ’ ಅನ್ನುತ್ತಾರೆ. ಇದು ಅಪಾಯದ ಮಾತು. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಇರುತ್ತದೆ ನಿಜ. ಹಾಲಿನ ಪುಡಿ ಮಾತ್ರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪೊಟ್ಟಣದ ಹಿಂದಿನ ಸಣ್ಣಕ್ಷರ ಓದದೆ ಅಂಥ ಮಕ್ಕಳ ಕೈಗೆ ಕೊಡಲೇಬಾರದು.

ತೆಂಗಿನಕಾಯಿ ತುಟ್ಟಿ ಅನ್ನಿಸಬಹುದು, ಒಪ್ಪುತ್ತೇನೆ. ಆದರೂ ತೆಂಗಿನ ಹಾಲಿನ ಐಸ್‌ಕ್ರೀಂ ಮನೆಯಲ್ಲಿ ಮಾಡುವುದೇ ನೆಮ್ಮದಿ. ಬಲಿತ ಕಾಯಿ ತುರಿದು, ಬಿಸಿನೀರು ಸ್ವಲ್ಪವೇ ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದ ಮೊದಲ ಹಾಲಷ್ಟೇ ಸಾಕು. ಎರಡನೆಯ ಹಾಲು ಸೇರಿಸಿದರೆ ನೀರು ಹೆಚ್ಚಾಗಿ ಮಂಜುಗಡ್ಡೆ ಕಟ್ಟುತ್ತದೆ, ಅದು ಸಾರಿಗಿರಲಿ. ಸಿಹಿಗೆ ನಮ್ಮ ಆಲೆಮನೆಯ ಜೋನಿಬೆಲ್ಲ, ಅಂದರೆ ಗಟ್ಟಿಯಾಗದ ನೀರುಬೆಲ್ಲ. ಸಿಹಿ ಚೆನ್ನಾಗಿ ಬಿದ್ದರೆ ಪೂರ್ತಿ ಕಲ್ಲಾಗುವುದಿಲ್ಲ, ಚಮಚ ಇಳಿಯುತ್ತದೆ. ಚಿಟಿಕೆ ಉಪ್ಪು, ಏಲಕ್ಕಿ. ಫ್ರೀಜರಿನಲ್ಲಿಟ್ಟು, ಅಂಚು ಹೆಪ್ಪುಗಟ್ಟಿದಾಗಲೆಲ್ಲ ತೆಗೆದು ಕೆದಕಿ ಕಲಸಬೇಕು. ಹರಳು ಒಡೆದಷ್ಟೂ ನುಣುಪು. ಹಲಸಿನ ಕಾಲದಲ್ಲಿ ನಾಲ್ಕು ತೊಳೆ ಅರೆದು ಹಾಕಿ ನೋಡಿ, ಆ ಘಮವೇ ಬೇರೆ!

ಜಾತ್ರೆ, ಮದುವೆಗಳಲ್ಲಿ ಐಸ್‌ಕ್ರೀಂ ಹಂಚುವವರು ಯಾವುದರಲ್ಲಿ ಹಾಲಿದೆ ಎಂದು ಕನ್ನಡದಲ್ಲಿ ಒಂದು ಫಲಕ ಹಾಕಲಿ. ನಮ್ಮ ಕಡೆಯ ಸ್ತ್ರೀಶಕ್ತಿ ಸಂಘಗಳು ಹಪ್ಪಳ, ಉಪ್ಪಿನಕಾಯಿಯ ಜೊತೆ ತೆಂಗಿನ ಹಾಲಿನ ಈ ತಿನಿಸನ್ನೂ ಮಾಡಿ ಮಾರಿದರೆ ಕೊಳ್ಳುವವರಲ್ಲಿ ನಾನೇ ಮೊದಲಿಗಳು.

– ಓದುಗರೊಬ್ಬರು, ತೀರ್ಥಹಳ್ಳಿ