ಪುಟ್ಟಿ ಬರೆದ ಆ ಒಂದು ಸಾಲು

ಪ್ರೀತಿಯ ಪುಟ್ಟಿ,

ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಆಫೀಸಿನ ಗೋಳು, ಬಾಡಿಗೆ ಮನೆ, ನಿಮ್ಮಪ್ಪನ ಮುನಿಸು, ಅದೆಲ್ಲ ಇಬ್ಬರಿಗೂ ಗೊತ್ತಿರುವುದೇ, ಬಿಡು. ಯಾವ ಅನಿಮೆ (ಅದೇ, ಜಪಾನಿನ ಕಾರ್ಟೂನು) ನೋಡಲಿ, ಯಾವ ಗೇಮ್ ಆಡಲಿ ಅಂತ ಅರವತ್ತು ದಾಟಿದವನನ್ನು ಕೇಳಿದ್ದೀಯಲ್ಲ, ಮೊದಲು ನಗು ಬಂತು. ಆಮೇಲೆ ಕೊನೆಯ ಸಾಲು ಓದಿದೆ. "ಪಟ್ಟಿ ಮಾಡೋದೇ ಆಗಿದೆ ಚಿಕ್ಕಪ್ಪ, ಯಾವುದೂ ಹಿಡಿಸ್ತಿಲ್ಲ. ಇಷ್ಟಪಡೋದೇ ಮರೆತುಹೋಯ್ತೇನೋ ಅಂತ ಭಯ."

ನೀನು ಸುಮ್ನೆ ಬರೆದಿರಬಹುದು. ನನಗೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ.

ನೀನು ಒಂದನೇ ಕ್ಲಾಸಿನಲ್ಲೋ ಎರಡನೇ ಕ್ಲಾಸಿನಲ್ಲೋ ಇದ್ದಾಗ ಟಿವಿಯಲ್ಲಿ ಜಪಾನಿನವರ ಕಾರ್ಟೂನ್ ರಾಮಾಯಣ ಬರುತ್ತಿತ್ತು. ಯೂಗೋ ಸಾಕೋ ಅನ್ನುವವರು ನಮ್ಮ ರಾಮ್ ಮೋಹನ್ ಜೊತೆ ಸೇರಿ ತೊಂಬತ್ತರ ದಶಕದ ಶುರುವಿನಲ್ಲಿ ಮಾಡಿದ್ದು. ಕುಂಭಕರ್ಣ ಬಂದರೆ ನೀನು ತಟ್ಟೆ ಹಿಡಿದುಕೊಂಡು ನಿಂತೇಬಿಡುತ್ತಿದ್ದೆ, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. 2025ರ ಜನವರಿಯಲ್ಲಿ ಅದೇ ಚಿತ್ರ ಥಿಯೇಟರಿಗೆ ಬಂದಾಗ ನೀನೇ ನನ್ನನ್ನು ಕರೆದುಕೊಂಡು ಹೋದೆ. ಮುಗಿದು ಹೊರಗೆ ಬರುತ್ತಿದ್ದ ಹಾಗೇ ಫೋನ್ ತೆಗೆದು ಅದಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟೆ. ಚಿತ್ರದ ಬಗ್ಗೆ ಮಾತೇ ಆಡಲಿಲ್ಲ. ಆಗ ನಾನು ಏನೂ ಅನ್ನಲಿಲ್ಲ, ಈಗ ಯಾಕೋ ಅದೇ ನೆನಪಾಗುತ್ತಿದೆ.

ನಿನ್ನ ಪಟ್ಟಿಯನ್ನು ನಿನ್ನ ತಮ್ಮನಿಗೆ ತೋರಿಸಿದೆ. ಮುಂದೆ ಬರೆಯುವುದೆಲ್ಲ ಅವನು ಹೇಳಿಕೊಟ್ಟ ಜ್ಞಾನ, ನನ್ನದು ಅಂದುಕೊಳ್ಳಬೇಡ. ಒನ್ ಪೀಸ್ ಅನ್ನುವ ಅನಿಮೆ 1999ರಿಂದ ಬರುತ್ತಿದೆಯಂತೆ, 1,100 ಎಪಿಸೋಡ್ ದಾಟಿದೆಯಂತೆ. ಒಂದಕ್ಕೆ 24 ನಿಮಿಷ ಹಿಡಿದರೂ 440 ಗಂಟೆ ಆಯಿತು. ನೀನು ನಡುವೆ ಎಲ್ಲೋ ಸಿಕ್ಕಿಕೊಂಡು "ಇಷ್ಟು ನೋಡಿದ ಮೇಲೆ ಬಿಡೋದು ಹೇಗೆ" ಅಂತ ಕೂತಿದ್ದೀಯ. ಬಿಡಬಹುದು ಕಣೇ. ಯಾರೂ ಬಂದು ಲೆಕ್ಕ ಕೇಳಲ್ಲ. ನರುಟೊ ಪಕ್ಕದಲ್ಲಿ "ಫಿಲ್ಲರ್ ಬಿಟ್ಟು" ಅಂತ ಬರೆದಿದ್ದೀಯ, ಅದು ಸರಿ. ಮಾಂಗಾದ, ಅಂದರೆ ಮೂಲ ಕಾಮಿಕ್ಸಿನ ಕಥೆ ಇನ್ನೂ ಮುಂದೆ ಹೋಗಿರಲ್ಲ, ವಾರವಾರ ಟಿವಿಗೆ ಏನಾದರೂ ಕೊಡಲೇಬೇಕು, ಅದಕ್ಕೆ ಸೇರಿಸಿದ್ದು ಅವು.

ಆದರೆ ಒಳ್ಳೆಯದನ್ನೂ ನೀನು ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡುತ್ತೀಯಂತೆ. ಸ್ಪಿರಿಟೆಡ್ ಅವೇ ಚಿತ್ರದಲ್ಲಿ ಆ ಹುಡುಗಿ ನೀರಿನ ಮೇಲೆ ಹೋಗುವ ರೈಲಿನಲ್ಲಿ ಸುಮ್ಮನೆ ಕೂತಿರುತ್ತಾಳಲ್ಲ, ಅದನ್ನೂ ಓಡಿಸಿದೆಯಾ? ಅಲ್ಲಿ ಯಾರೂ ಏನೂ ಮಾಡಲ್ಲ. ನನಗೆ ಇಡೀ ಚಿತ್ರದಲ್ಲಿ ಉಳಿದಿದ್ದು ಅದೊಂದೇ.

ಬೈಯುವ ಹಕ್ಕು ನನಗಿಲ್ಲ, ಗೊತ್ತು. ರಾಜಾಜಿನಗರದಲ್ಲಿ ನಾನು ವಿಡಿಯೋ ಲೈಬ್ರರಿ ಇಟ್ಟಿದ್ದ ಕಾಲ ನೀನು ನೋಡಿಲ್ಲ. ಹೊಸ ಕ್ಯಾಸೆಟ್ ಬಂದರೆ ಪ್ರಿಂಟ್ ಹೇಗಿದೆ ಅಂತ ನೋಡಬೇಕಿತ್ತು. ಶುರುವಿನಲ್ಲಿ ಸ್ವಲ್ಪ, ಒಂದು ಹಾಡು, ಒಂದು ಫೈಟು, ಕ್ಲೈಮ್ಯಾಕ್ಸು. ಮಿಕ್ಕಿದ್ದೆಲ್ಲ ಫಾಸ್ಟ್ ಫಾರ್ವರ್ಡ್. ಮದುವೆಮನೆಯಲ್ಲಿ ಬಡಿಸುವವನಿಗೆ ಹಸಿವು ಸತ್ತುಹೋಗುತ್ತಲ್ಲ, ಹಾಗಾಗಿತ್ತು. "ಒಳ್ಳೇದು ಯಾವ್ದಿದೆ ಕೊಡಿ" ಅಂತ ಜನ ಕೇಳುವರು, ನಾನು ಪಟಪಟ ಹೇಳುತ್ತಿದ್ದೆ. ಬಿನ್ನಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಮಾತ್ರ ಏನೂ ಕೇಳುತ್ತಿರಲಿಲ್ಲ. ಶನಿವಾರ ಬಂದರೆ ಅದೇ ಒಂದು ರಾಜ್‌ಕುಮಾರ್ ಪಿಕ್ಚರ್. "ಸಾರ್, ಹೊಸದು ಬಂದಿದೆ" ಅಂದರೆ, "ಇದೇ ಇನ್ನೂ ಮುಗಿದಿಲ್ಲಪ್ಪ" ಅನ್ನುವರು. ಅವರು ಅತ್ತ ಹೋದ ಮೇಲೆ ಅಂಗಡಿ ಹುಡುಗನೂ ನಾನೂ ನಗುತ್ತಿದ್ದೆವು. ಈಗ ಅವರ ಮೇಲೆ ಹೊಟ್ಟೆಕಿಚ್ಚು.

ನಿಮ್ಮ ಚಿಕ್ಕಮ್ಮ ಅಡುಗೆಮನೆ ಕೆಲಸ ಮುಗಿಸಿ ಬಂದು "ಒಂದು ಪೂರ್ತಿ ಪಿಕ್ಚರ್ ಹಾಕ್ರೀ, ಇಬ್ಬರೂ ನೋಡೋಣ" ಅನ್ನುತ್ತಿದ್ದಳು. "ಅದರಲ್ಲೇನಿದೆ, ಕೊನೆಗೆ ಅವನು ಸಾಯ್ತಾನೆ" ಅಂತ ಹೇಳಿ ನಾನು ಎದ್ದು ಹೋಗುತ್ತಿದ್ದೆ. ಮನೆ ತುಂಬ ಕ್ಯಾಸೆಟ್ ಇದ್ದವು, ಪುಟ್ಟಿ. ಕೇಬಲ್ ಬಂತು, ಅಂಗಡಿ ಮುಚ್ಚಿತು. ಮುಂದಿನದು ನಿನಗೆ ಗೊತ್ತು.

ಹಾಗಂತ ನಿನ್ನದೂ ಅದೇ ಅಂತ ಹೇಳುತ್ತಿಲ್ಲ. ನನಗೆ ಇಷ್ಟಪಡುವುದು ತಿರುಗಿ ಬಂತು, ಆದರೆ ತಡವಾಗಿ ಬಂತು. ನಿನಗೆ ಅಷ್ಟು ತಡ ಆಗುವುದು ಬೇಡ ಅನ್ನುವುದೊಂದೇ ನನ್ನ ಸಂಕಟ.

ಕೇಳಿದ್ದೀಯ ಅಂತ ಒಂದೆರಡು ಹೇಳುತ್ತೇನೆ, ಇಷ್ಟವಾಗದಿದ್ದರೆ ಬಿಡು. ನಿನ್ನ ತಮ್ಮ ಮುಶಿಶಿ ಅಂತ ಒಂದು ಹಾಕಿಕೊಟ್ಟ. 2005ರಲ್ಲಿ ಶುರುವಾದದ್ದು, ಮೊದಲ ಸರಣಿಗೆ 26 ಎಪಿಸೋಡು. ಬಿಳಿ ಕೂದಲಿನ ಒಬ್ಬ ಊರೂರು ತಿರುಗುತ್ತಾನೆ, ಹೆಚ್ಚುಕಮ್ಮಿ ಒಂದೊಂದು ಎಪಿಸೋಡಿಗೂ ಒಂದೊಂದು ಕಥೆ. ಮುಂದೇನಾಯಿತು ಅಂತ ಯಾರೂ ನಿನ್ನನ್ನು ಎಳೆಯಲ್ಲ. ವಾರಕ್ಕೆ ಒಂದು ನೋಡಿದರೂ ನಡೆಯುತ್ತದೆ. ನಾನು ಹಾಗೇ ನೋಡಿದೆ, ಅರ್ಧಕ್ಕೆ ನಿದ್ದೆ ಹೋಗಿದ್ದೂ ಉಂಟು.

ಗೇಮ್ ವಿಷಯದಲ್ಲಿ ನನ್ನ ಮಾತಿಗೆ ತೂಕ ಕಮ್ಮಿ. ಆದರೂ ದಿನಾ ಹಾಜರಿ ಹಾಕಿಸಿಕೊಳ್ಳುವ ಆ ಫೋನ್ ಗೇಮ್ ಇದೆಯಲ್ಲ, ಇವತ್ತು ಬರದಿದ್ದರೆ ಬಹುಮಾನ ಹೋಯ್ತು ಅಂತ ಹೆದರಿಸುವುದು, ಅದನ್ನು ಮೊದಲು ತೆಗೆದುಹಾಕು. ನೀನು ಅದನ್ನು ಖುಷಿಗೆ ತೆರೆಯುತ್ತಿಲ್ಲ, ತಪ್ಪಿಹೋಗುತ್ತೆ ಅನ್ನುವ ಭಯಕ್ಕೆ ತೆರೆಯುತ್ತೀಯ. ಅದನ್ನು ಮಾಡಿರುವುದೂ ಹಾಗೇ. ಜರ್ನಿ ಅಂತ 2012ರ ಒಂದು ಗೇಮ್ ಇದೆ, ಎರಡು ಗಂಟೆ ಹೊತ್ತಿನದು. ಮರಳುಗಾಡಿನಲ್ಲಿ ನಡೆಯುತ್ತಿದ್ದರೆ ಬೇರೆ ಯಾವುದೋ ಊರಿನ ಆಟಗಾರ ಜೊತೆಗೆ ಸಿಗುತ್ತಾನೆ. ಮಾತಿಲ್ಲ, ಬರೀ ಒಂದು ದನಿ ಹೊರಡಿಸಬಹುದು. ಯಾರ ಜೊತೆ ನಡೆದೆ ಅನ್ನುವುದು ಮುಗಿದ ಮೇಲೆ ತಿಳಿಯುತ್ತದೆ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹಿಡಿಸದಿದ್ದರೆ ಸಂಕೋಚ ಇಲ್ಲದೆ ಕೇಳು. ಆದರೆ ಜರ್ನಿಯನ್ನು ಪೂರ್ತಿ ಆಡಿ ಮುಗಿಸಿ ಕೇಳಬೇಡ, ನಮ್ಮ ಅಂಗಡಿಯಲ್ಲೂ ಅಂಥ ಗಿರಾಕಿಗಳಿದ್ದರು.

ಪಟ್ಟಿಯನ್ನು ಹರಿದುಹಾಕು ಅನ್ನಲ್ಲ. ಒಂದು ತಿಂಗಳು ತೆರೆಯಬೇಡ, ಅಷ್ಟೆ. ಅಂಕ ಕೊಡುವುದನ್ನೂ ನಿಲ್ಲಿಸು. ಏನೂ ನೋಡದೆ ಕೂತಿರಬೇಕು ಅನ್ನಿಸಿದರೆ ಕೂತಿರು.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಕೋಪ ಮಾಡಿಕೊಳ್ಳಬೇಡ. ಹಿಡಿಸದೆ ಇರುವುದು ಅನಿಮೆ, ಗೇಮ್ ಮಾತ್ರವಾ? ಗೆಳತಿಯರ ಜೊತೆ ಹರಟೆ, ನಿನ್ನ ಆ ಗಿಡಗಳು, ಬಿಸಿ ಬಿಸಿ ದೋಸೆ, ಇವೂ ಸಪ್ಪೆಯಾ? ಬರೀ ಪರದೆಯಾದರೆ ನಾನು ಇಷ್ಟು ಹೆದರಲ್ಲ. ಎಲ್ಲವೂ ಹಾಗೇ ಇದ್ದು, ವಾರಗಟ್ಟಲೆ ಆಗಿದ್ದರೆ ಅದು ನನ್ನಂಥವನ ಪತ್ರದಿಂದ ಹೋಗುವುದಲ್ಲ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಒಂದು ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್‌ನವರದೇ ಉಸ್ತುವಾರಿ. ಬೇಕಾದರೆ ನಿಮ್ಹಾನ್ಸ್‌ಗೆ ನಾನೇ ಜೊತೆಗೆ ಬರುತ್ತೇನೆ, ಮನೆಯಲ್ಲಿ ಯಾರಿಗೂ ಹೇಳಲ್ಲ. ಜಾಸ್ತಿ ಹೇಳಿದೆನೇನೋ. ಇರಲಿ.

ಭಾನುವಾರ ವೈಟ್‌ಫೀಲ್ಡ್‌ನಿಂದ ಮೆಟ್ರೋ ಹತ್ತಿ ಬಾ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸು. ಬರಲು ಆಗದಿದ್ದರೆ ಮೇಲೆ ಕೇಳಿದ್ದಕ್ಕೆ ಉತ್ತರವನ್ನಾದರೂ ಬರೆ. ಎರಡೇ ಸಾಲು ಸಾಕು, ಆದರೆ ನಿಜ ಬರೆ.

ನಿನ್ನ
ಚಿಕ್ಕಪ್ಪ